ಅರ್ಜಿಗಳ ಪಟ್ಟಿ ಯಾರ ಕೈಯಲ್ಲಿತ್ತು?

(ಪಟ್ಟಣವೊಂದರಲ್ಲಿ ಯುವಕರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಂತರ್ಜಾಲದ ಮೂಲಕ ಕೂಡಿ ಕೆಲಸ ಮಾಡುವ ಕ್ರಮದ ಕುರಿತು ಸಭೆ ಕರೆದಾಗ, ಇದರ ಅಗತ್ಯವೇನು ಎಂದು ಕೆಲವರು ಕೇಳಿದರಂತೆ. ಹತ್ತು ವರ್ಷದ ಮಗುವೂ ಮೊಬೈಲ್ ಬಳಸುತ್ತದೆ, ಇನ್ನು ಕಲಿಸುವುದೇನಿದೆ ಎಂಬುದು ಅವರ ವಾದ. ಈ ಪ್ರಶ್ನೆಗೆ ನಮ್ಮದೇ ಸಮಿತಿಯ ಒಂದು ತಪ್ಪನ್ನು ನಿಮ್ಮ ಮುಂದಿಟ್ಟು ಉತ್ತರಿಸಲು ಬಯಸುತ್ತೇವೆ.

ವಿದ್ಯಾರ್ಥಿವೇತನಕ್ಕಾಗಿ ನಮಗೆ ಅರ್ಜಿಗಳು ಬಂದಿದ್ದವು. ವಿದ್ಯಾರ್ಥಿಯ ಹೆಸರು, ತಂದೆಯ ಉದ್ಯೋಗ, ವಾರ್ಷಿಕ ಆದಾಯ, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಜೋಡಿಸಿದ್ದೆವು. ಪರಿಶೀಲಿಸಬೇಕಾಗಿದ್ದವರು ಐದು ಮಂದಿ. ಆದರೆ ಅವಸರದಲ್ಲಿ ಅದನ್ನು ಇಡೀ ಊರಿನ ವಾಟ್ಸ್ಯಾಪ್ ಗುಂಪಿಗೆ ಕಳುಹಿಸಿಬಿಟ್ಟೆವು. ಕೆಲವೇ ನಿಮಿಷಗಳಲ್ಲಿ ಅಳಿಸಿದೆವು, ನಿಜ. ಅಷ್ಟರಲ್ಲಿ ಅದು ಬೇರೊಂದು ಗುಂಪಿಗೆ ದಾಟಿಯಾಗಿತ್ತು. ಹಾಗೆ ದಾಟಿದ ಪ್ರತಿಯನ್ನು ಅಳಿಸುವ ಅಧಿಕಾರ ಮೊದಲು ಕಳುಹಿಸಿದವನಿಗಿಲ್ಲ. ಮರುದಿನ ಒಬ್ಬ ತಂದೆ ಬಂದು ತಮ್ಮ ಮಗಳ ಅರ್ಜಿಯನ್ನು ಹಿಂದಕ್ಕೆ ಪಡೆದರು. ಜಗಳವಾಡಲಿಲ್ಲ. "ನನ್ನ ಸಂಪಾದನೆ ಎಷ್ಟೆಂಬುದು ನನ್ನ ಬೀಗರಿಗೂ ತಿಳಿದಿರಲಿಲ್ಲ ಸಾಹೇಬರೇ" ಎಂದಷ್ಟೇ ಹೇಳಿ ಹೊರಟುಹೋದರು. ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು; ಚಹಾ ಕೊಟ್ಟು ಸತ್ಕರಿಸಿದರು. ಅರ್ಜಿ ಮಾತ್ರ ಮರಳಿ ಬರಲಿಲ್ಲ.

ಒಬ್ಬನ ಬಡತನದ ವಿವರವು ನಮ್ಮ ಕೈಗೆ ಬಂದಾಗ ಅದು ಅಮಾನತ್ತಲ್ಲವೇ? ಹಣದ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೆ ನಿದ್ದೆಗೆಡುವ ನಾವು ಮಾಹಿತಿಯ ವಿಷಯದಲ್ಲಿ ಇಷ್ಟು ಅಜಾಗರೂಕರಾದುದೇಕೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಇದನ್ನೇ ಹೇಳುತ್ತದೆ: ಯಾವ ಉದ್ದೇಶಕ್ಕಾಗಿ ಒಪ್ಪಿಗೆ ಪಡೆದು ಮಾಹಿತಿ ಸಂಗ್ರಹಿಸಲಾಯಿತೋ ಆ ಉದ್ದೇಶಕ್ಕೇ ಅದು ಬಳಕೆಯಾಗಬೇಕು.

ಹಾಗಾದರೆ ಆ ಪಟ್ಟಿಯನ್ನು ಹೇಗೆ ನಿರ್ವಹಿಸಬೇಕಾಗಿತ್ತು? ಗೂಗಲ್ ಶೀಟ್ಸ್‌ನಂತಹ ಸೌಲಭ್ಯದಲ್ಲಿ ಹಾಳೆ ಒಂದೇ ಕಡೆ ಇರುತ್ತದೆ. ಜನರು ಅಲ್ಲಿಗೆ ಬಂದು ಕೆಲಸ ಮಾಡುತ್ತಾರೆ. ಯಾರು ಕೇವಲ ನೋಡಬಹುದು, ಯಾರು ಟಿಪ್ಪಣಿ ಬರೆಯಬಹುದು, ಯಾರು ತಿದ್ದಬಹುದು ಎಂಬುದನ್ನು ಹೆಸರು ಹೆಸರಾಗಿ ನಿಗದಿಪಡಿಸಬಹುದು. ಯಾರು ಯಾವಾಗ ಏನು ಬದಲಾಯಿಸಿದರೆಂಬ ದಾಖಲೆ ಉಳಿಯುತ್ತದೆ, ಹಿಂದಿನ ರೂಪವನ್ನು ಮರಳಿ ತರಲೂ ಬರುತ್ತದೆ. ಆದರೆ 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಆಯ್ಕೆಯನ್ನು ಒತ್ತಿದಿರೋ, ಬೀಗ ಹಾಕಿದ ಮನೆಯ ಕೀಲಿಯನ್ನು ಬೀದಿಯಲ್ಲಿಟ್ಟಂತೆಯೇ. ಐವರ ಹೆಸರನ್ನು ಒಂದೊಂದಾಗಿ ಸೇರಿಸಲು ಎರಡು ನಿಮಿಷ ಸಾಕು.

ಇಮೇಲ್‌ನಲ್ಲಿಯೂ ಇದೇ ವಿವೇಕ ಬೇಕು. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಕಳುಹಿಸಿದಂದಿನಿಂದ ಎಷ್ಟೋ ಸಾಧನಗಳು ಬಂದು ಹೋದವು, ಕಚೇರಿಗಳ ಅಧಿಕೃತ ವ್ಯವಹಾರ ಇಂದಿಗೂ ಬಹುಪಾಲು ಇಮೇಲ್‌ನಲ್ಲೇ ನಡೆಯುತ್ತದೆ. ಅದರಲ್ಲಿನ 'ಸಿಸಿ' ಎಂಬುದು ಟೈಪ್‌ರೈಟರ್ ಕಾಲದ ಕಾರ್ಬನ್ ಪ್ರತಿಯ ಹೆಸರು. ಪ್ರತಿ ಯಾರಿಗೆಲ್ಲ ಹೋಗಿದೆಯೆಂದು ಎಲ್ಲರಿಗೂ ಕಾಣುತ್ತದೆ. 'ಬಿಸಿಸಿ'ಯಲ್ಲಿ ಹಾಕಿದ ವಿಳಾಸ ಇತರರಿಗೆ ಕಾಣುವುದಿಲ್ಲ. ಐವತ್ತು ಅರ್ಜಿದಾರರಿಗೆ ಒಂದೇ ಸೂಚನೆ ಕಳುಹಿಸುವಾಗ ಈ ಒಂದಕ್ಷರದ ವ್ಯತ್ಯಾಸ ದೊಡ್ಡದು.

ನಮ್ಮ ಯುವಕರ ಬಗ್ಗೆ ಒಂದು ಮಾತು. ಉದ್ಯೋಗಕ್ಕೆ ಅರ್ಜಿ ಹಾಕುವವನು ವಿಷಯದ ಸಾಲನ್ನು ಖಾಲಿ ಬಿಟ್ಟು, ಎರಡು ಸಾಲನ್ನೂ ಬರೆಯದೆ, ಕಡತವನ್ನಷ್ಟೇ ಲಗತ್ತಿಸಿ ಕಳುಹಿಸಿದರೆ ಅದನ್ನು ತೆರೆಯುವವರಾರು? ವಿಚಾರಿಸಿದರೆ ವಾಯ್ಸ್ ಮೆಸೇಜ್ ಬರುತ್ತದೆ! ಇನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆಯಿಲ್ಲ.

ಕೊಲ್ಲಿಯಲ್ಲಿರುವ ನಮ್ಮವರೊಂದಿಗೆ ಆನ್‌ಲೈನ್ ಸಭೆ ನಡೆಸುವ ಸಮಿತಿಗಳೂ ಅನೇಕ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ರಿಯಾದ್ ಎರಡೂವರೆ ಗಂಟೆ ಹಿಂದೆ. ಯುಎಇಯ ಸರಕಾರಿ ಕಚೇರಿಗಳಲ್ಲಿ 2022ರಿಂದ ಶನಿವಾರ ಮತ್ತು ರವಿವಾರ ರಜೆ; ಸೌದಿಯಲ್ಲಿ ಶುಕ್ರವಾರ ಮತ್ತು ಶನಿವಾರ. ಇದನ್ನು ನೋಡದೆ ರವಿವಾರ ಬೆಳಿಗ್ಗೆ ಸಭೆ ಇಟ್ಟು, ರಿಯಾದ್‌ನವರು ಆಸಕ್ತಿ ತೋರಿಸುವುದಿಲ್ಲವೆಂದು ದೂರುವುದು ನ್ಯಾಯವಲ್ಲ. ಸಭೆ ಮುಗಿದ ಮೇಲೆ ಯಾವ ಕೆಲಸ ಯಾರದು, ಯಾವ ದಿನಾಂಕದೊಳಗೆ ಎಂಬುದನ್ನು ಬರೆದು ಎಲ್ಲರಿಗೂ ಕಳುಹಿಸದಿದ್ದರೆ ಒಂದು ಗಂಟೆಯ ಮಾತು ಗಾಳಿಗೆ ಹೋದಂತೆ.

ಇನ್ನೊಂದು ಸಂಗತಿ. ಸಂಸ್ಥೆಯ ಪತ್ರವ್ಯವಹಾರವೆಲ್ಲ ಕಾರ್ಯದರ್ಶಿಯ ಸ್ವಂತ ಇಮೇಲ್‌ನಲ್ಲಿರುತ್ತದೆ. ಅವರು ವೀಸಾ ಸಿಕ್ಕಿ ಹೊರಟರೆಂದರೆ ಸಂಸ್ಥೆಯ ಕಡತಗಳೂ ಅವರೊಂದಿಗೆ ವಿಮಾನ ಹತ್ತುತ್ತವೆ. ಸಂಸ್ಥೆಯ ಹೆಸರಿನಲ್ಲೇ ಖಾತೆ ತೆರೆದು, ಎರಡು ಹಂತದ ಪರಿಶೀಲನೆಯನ್ನು ಅಳವಡಿಸಿ, ಅಧಿಕಾರ ಬದಲಾದ ದಿನವೇ ಪಾಸ್‌ವರ್ಡನ್ನೂ ಬದಲಾಯಿಸಬೇಕು. ಕೀಲಿ ಕೈ ಹಸ್ತಾಂತರಿಸುವಾಗ ಇದನ್ನೂ ನಡಾವಳಿಯಲ್ಲಿ ದಾಖಲಿಸುವುದು ಒಳ್ಳೆಯದು.

ಈ ವರ್ಷದ ವಿದ್ಯಾರ್ಥಿವೇತನದ ಹಾಳೆಯನ್ನು ನೋಡುವ ಅಧಿಕಾರ ಐವರಿಗೆ ಮಾತ್ರ ಇದೆ. ಆದಾಯದ ವಿವರವನ್ನು ಅಧ್ಯಕ್ಷರೇ ಕೇಳಿದರೂ ಗುಂಪಿಗೆ ಹಾಕಬಾರದೆಂದು ತೀರ್ಮಾನಿಸಿದ್ದೇವೆ. ಹಂಚಿಕೆಯ ಅಧಿಕಾರವನ್ನು ನಿಗದಿಪಡಿಸುವ ಕ್ರಮವನ್ನು ಅಸರ್ ನಮಾಝಿನ ಬಳಿಕ ಇದೇ ಸಭಾಂಗಣದಲ್ಲಿ ನಮ್ಮ ಕಾಲೇಜು ವಿದ್ಯಾರ್ಥಿನಿಯರು ತೋರಿಸಿಕೊಡಲಿದ್ದಾರೆ. ಸಂಘ ಸಂಸ್ಥೆಗಳ ಪದಾಧಿಕಾರಿಗಳು ದಯವಿಟ್ಟು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕು.