ಚಿಕ್ಕೋಡಿಯ ಕಳೆದ ‘ಕ’, ರಬ್ಬರಿನ ಹೆಚ್ಚಿನ ‘ಬ’



ಬೋರಗಾಂವ, ಸದಲಗಾ, ನಿಪ್ಪಾಣಿಗಳ ಪೇಟೆಯಲ್ಲಿ ಅಂಗಡಿಗಳ ಫಲಕ ಓದುತ್ತ ನಡೆದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಂದೇ ಇಂಗ್ಲಿಷ್ ಶಬ್ದ ಕನ್ನಡ ಫಲಕದಲ್ಲಿ ಒಂದು ಬಗೆ, ಮರಾಠಿ ಫಲಕದಲ್ಲಿ ಇನ್ನೊಂದು ಬಗೆ. ಕನ್ನಡದವರು ‘ಡಾಕ್ಟರ್’ ಎಂದು ಆಕಾರ ಕೊಟ್ಟು ಬರೆಯುತ್ತಾರೆ. ಮರಾಠಿಯವರು ಅದೇ ಅಕ್ಷರದ ತಲೆಯ ಮೇಲೆ ಒಂದು ಅರ್ಧಚಂದ್ರ ಇಡುತ್ತಾರೆ. ಆ ಚಂದ್ರ ಇದ್ದಲ್ಲಿ ತುಟಿ ತುಸು ದುಂಡಗಾಗಿ, ಆಕಾರಕ್ಕೂ ಓಕಾರಕ್ಕೂ ನಡುವಿನ ಧ್ವನಿ ಬರಬೇಕು. ಕಾಲೇಜು, ಆಫೀಸು, ಹಾಸ್ಪಿಟಲ್ ಎಲ್ಲಕ್ಕೂ ಇದೇ ಕಥೆ. ಮನೆಯಲ್ಲಿ ಒಂದು ಭಾಷೆ, ಸಾಲಿಯಲ್ಲಿ ಇನ್ನೊಂದು ಭಾಷೆ ಇರುವ ಈ ಭಾಗದ ಮಗು ಎರಡೂ ಫಲಕಗಳನ್ನು ಓದಿ, ‘ಗುರುಗಳೇ, ಇದರಾಗ ಯಾವುದು ಖರೆ?’ ಎಂದು ಕೇಳಿದರೆ ಏನು ಹೇಳಬೇಕು?

‘ಇಂಗ್ಲಿಷರು ಹೇಳಿದಂತೆ ಹೇಳು’ ಎಂಬ ಉತ್ತರ ಸುಲಭ. ಆದರೆ ಅದು ಉತ್ತರವೇ ಅಲ್ಲ. ದಕ್ಷಿಣ ಇಂಗ್ಲೆಂಡಿನ ಸುಶಿಕ್ಷಿತರು ಈ ಶಬ್ದವನ್ನು ತುಟಿ ದುಂಡಗೆ ಮಾಡಿಯೇ ಹೇಳುತ್ತಾರೆ. ಅಮೆರಿಕದ ಬಹುಪಾಲು ಜನ ತುಟಿ ದುಂಡಗೆ ಮಾಡುವುದಿಲ್ಲ. ಅವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಡಾಕ್ಟರ್’ ಎಂದೇ ಕೇಳುತ್ತದೆ. ಅಂದರೆ ನಿಪ್ಪಾಣಿಯ ಒಂದೇ ಓಣಿಯಲ್ಲಿ ಮರಾಠಿ ಫಲಕ ಇಂಗ್ಲೆಂಡಿನ ಪಕ್ಷ ಹಿಡಿದಿದೆ, ಕನ್ನಡ ಫಲಕ ಅಮೆರಿಕದ ಪಕ್ಷ ಹಿಡಿದಿದೆ! ಎರಡೂ ಅಲ್ಲಿಗೆ ಹೋಗಿ ಕಲಿತು ಬಂದವಲ್ಲ. ಮರಾಠಿ ಲಿಪಿ ಇಂಗ್ಲಿಷಿಗಾಗಿ ಹೊಸ ಗುರುತೊಂದನ್ನು ಮಾಡಿಕೊಂಡಿತು, ಕನ್ನಡ ಇದ್ದ ಅಕ್ಷರದಲ್ಲೇ ಸಂಸಾರ ತೂಗಿಸಿತು. ಇಷ್ಟೇ ವ್ಯತ್ಯಾಸ.

ಈ ಪ್ರಶ್ನೆ ಬರೀ ಚಮತ್ಕಾರದ್ದಲ್ಲ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಲಾಯಿತು. ಆರು ವರ್ಷದ ಮಗು ಬಾಯಿ ತೆರೆದು ಮೊದಲ ಇಂಗ್ಲಿಷ್ ಶಬ್ದ ಹೇಳಿದಾಗ ವರ್ಗವೆಲ್ಲ ನಕ್ಕರೆ, ಆ ಬಾಯಿ ಮತ್ತೆ ತೆರೆಯುವುದು ಕಷ್ಟ. ಪರೀಕ್ಷೆಯ ಕಾಗದದಲ್ಲಿ ಒಳ್ಳೆಯ ಅಂಕ ಪಡೆದವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಸಂದರ್ಶನದ ಕುರ್ಚಿಯಲ್ಲಿ ಕುಳಿತಾಗ ಮೂಕರಾಗುವುದನ್ನು ಎಲ್ಲರೂ ಕಂಡಿದ್ದಾರೆ. ಆದ್ದರಿಂದ ಯಾವುದು ತಪ್ಪು, ಯಾವುದು ಬರೀ ಬೇರೆ ಎಂಬುದನ್ನು ಬೇರ್ಪಡಿಸಿ ತಿಳಿಯುವುದು ಅಗತ್ಯ.

ಮೊದಲು ಕಾಗುಣಿತದ ಗೊಂದಲ ನೋಡೋಣ. 1975ರ ‘ಚುಪ್ಕೆ ಚುಪ್ಕೆ’ ಹಿಂದಿ ಚಿತ್ರದಲ್ಲಿ ಧರ್ಮೇಂದ್ರ ಕೇಳುವ ಪ್ರಶ್ನೆ ಅನೇಕರಿಗೆ ನೆನಪಿರಬಹುದು: ಟಿ-ಓ ‘ಟು’, ಡಿ-ಓ ‘ಡು’ ಆದರೆ, ಜಿ-ಓ ಮಾತ್ರ ‘ಗೋ’ ಏಕೆ? ಪಿ-ಯು-ಟಿ ‘ಪುಟ್’ ಆದಮೇಲೆ ಬಿ-ಯು-ಟಿ ‘ಬಟ್’ ಏಕೆ ಎಂಬುದು ಇದರ ಅವಳಿ. ಕನ್ನಡದ ಮಗುವಿಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ. ಅದರ ಲಿಪಿಯಲ್ಲಿ ಬರೆದದ್ದನ್ನೇ ಓದುವುದು, ಓದಿದ್ದನ್ನೇ ಬರೆಯುವುದು.

ಇಂಗ್ಲಿಷೂ ಒಂದು ಕಾಲಕ್ಕೆ ಬಹುಮಟ್ಟಿಗೆ ಹಾಗೆಯೇ ಇತ್ತು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದನು. ಮುದ್ರಣದಿಂದ ಕಾಗುಣಿತ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಹೋಯಿತು. ಆದರೆ ಸುಮಾರು ಅದೇ ಹೊತ್ತಿಗೆ ಜನರ ಬಾಯಲ್ಲಿ ದೀರ್ಘಸ್ವರಗಳು ಜಾಗ ಬದಲಿಸತೊಡಗಿದ್ದವು. ಈ ಸ್ಥಾನಪಲ್ಲಟ ಮುಗಿಯಲು ಎರಡು-ಮೂರು ಶತಮಾನ ಬೇಕಾದವು. ಅಕ್ಷರ ನಿಂತಿತು, ಉಚ್ಚಾರ ನಡೆಯಿತು. ಎನ್-ಎ-ಎಂ-ಇ ಎಂಬ ಶಬ್ದವನ್ನು ಇಂದು ‘ನೇಮ್’ ಎನ್ನುತ್ತೇವೆ. 1400ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲಕ್ಕೆ ಅದು ಸುಮಾರಾಗಿ ‘ನಾಮ’ ಎಂದೇ ಇತ್ತು. ಸಂಸ್ಕೃತದ ‘ನಾಮ’ವೂ ಅದೂ ಒಂದೇ ಮೂಲದವು. ಅಕ್ಷರ ಹಿಡಿದು ‘ನಾಮೆ’ ಎಂದು ಓದುವ ಮಗು ದಡ್ಡನಲ್ಲ, ಆರು ನೂರು ವರ್ಷ ತಡವಾಗಿ ಬಂದಿದೆ, ಅಷ್ಟೇ.

‘ಮೊಣಕಾಲು’ ಎಂಬುದಕ್ಕಿರುವ ಇಂಗ್ಲಿಷ್ ಶಬ್ದದ ಮೊದಲಿನ ‘ಕೆ’ ಕೂಡ ಹೀಗೆಯೇ. ಅದು ಒಮ್ಮೆ ನಿಜವಾಗಿ ಉಚ್ಚರಿತವಾಗುತ್ತಿತ್ತು. ಇಂಗ್ಲಿಷಿನ ಬಂಧುವಾದ ಜರ್ಮನ್ ಭಾಷೆಯಲ್ಲಿ ಇಂದಿಗೂ ಮೊಣಕಾಲಿಗೆ ‘ಕ್ನೀ’ ಎನ್ನುತ್ತಾರೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟೆಲ್ ಅವರ ಮಾತೃಭಾಷೆ ಅದೇ. ರಾತ್ರಿಗೆ ‘ನೈಟ್’ ಎನ್ನುವಾಗ ನುಂಗಿಹೋಗುವ ಜಿ-ಎಚ್ ಕೂಡ ಜರ್ಮನ್ ‘ನಾಖ್ಟ್’ನಲ್ಲಿ ಖಕಾರದಂತೆ ಕೇಳಿಬರುತ್ತದೆ.

ಎಲ್ಲ ಮೂಕ ಅಕ್ಷರಗಳೂ ಹೀಗೆ ಹಳೆಯ ಮನೆತನದವಲ್ಲ. ತಂಬಾಕಿನ ವಖಾರಿಯಲ್ಲಿ, ಸಕ್ಕರೆ ಕಾರಖಾನೆಯಲ್ಲಿ ಕೊಡುವ ‘ರಿಸೀಟ್’ ನಡುವೆ ಒಂದು ‘ಪಿ’ ಇದೆ. ಸಾಲ ಎಂಬರ್ಥದ ‘ಡೆಟ್’ ನಡುವೆ ಒಂದು ‘ಬಿ’ ಇದೆ. ಇವು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಆ ಧ್ವನಿಗಳು ಉಳಿದಿರಲಿಲ್ಲ. ನಂತರದ ಪಂಡಿತರು ಲ್ಯಾಟಿನ್ ಮೂಲವನ್ನು ತೋರಿಸಲೆಂದು ಆ ಅಕ್ಷರಗಳನ್ನು ಸೇರಿಸಿದರು. ಜನ ಅವನ್ನು ಉಚ್ಚರಿಸಲಿಲ್ಲ. ಪಂಡಿತರ ಈ ಹವ್ಯಾಸಕ್ಕೆ ಇಂದು ಬೋರಗಾಂವದ ವಿದ್ಯಾರ್ಥಿ ಶುದ್ಧಲೇಖನದಲ್ಲಿ ಅಂಕ ಕಳೆದುಕೊಳ್ಳುತ್ತಿದ್ದಾನೆ.

ಇನ್ನು ‘ಪುಟ್’ ಮತ್ತು ‘ಬಟ್’. ಹಿಂದೆ ಎರಡಕ್ಕೂ ಉಕಾರವೇ ಇತ್ತು. ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಇವು ಬೇರೆಯಾದವು. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಈ ಒಡಕು ಆಗಲೇ ಇಲ್ಲ. ಲೀಡ್ಸ್, ಮ್ಯಾಂಚೆಸ್ಟರ್ ಕಡೆಯ ಎಷ್ಟೋ ಜನರ ಬಾಯಲ್ಲಿ ಇಂದಿಗೂ ‘ಬಸ್’ ಎಂಬುದು ‘ಬುಸ್’ ಎಂಬಂತೆಯೇ ಕೇಳುತ್ತದೆ. ಇಂಗ್ಲೆಂಡಿನೊಳಗೇ ಧಾರವಾಡ-ಮೈಸೂರುಗಳಂಥ ಭೇದ ಇದೆ ಎಂದಾಯಿತು.

ಈಗ ಕನ್ನಡದ ಬಾಯಿಗೆ ಬರೋಣ. ‘ಟೇಬಲ್’ ಎಂಬುದರ ಟಕಾರ ಇಂಗ್ಲಿಷರ ಬಾಯಲ್ಲಿ ನಮ್ಮ ಟಕಾರವಲ್ಲ, ತಕಾರವೂ ಅಲ್ಲ. ನಾಲಿಗೆಯ ತುದಿ ಹಲ್ಲಿನ ಹಿಂದಿರುವ ವಸಡಿನ ಏರಿಗೆ ತಾಗಿ ಅದು ಹುಟ್ಟುತ್ತದೆ. ಕನ್ನಡಕ್ಕೆ ಹಲ್ಲಿನ ತಕಾರ ಇದೆ, ನಾಲಿಗೆ ಮಡಿಚುವ ಟಕಾರ ಇದೆ, ನಡುವಿನದು ಇಲ್ಲ. ಕಿವಿ ಅದನ್ನು ಟಕಾರದ ಪಂಕ್ತಿಯಲ್ಲಿ ಕೂಡಿಸಿತು. ಇತ್ತ ‘ಥ್ಯಾಂಕ್ಸ್’ ಎನ್ನುವಾಗ ಇಂಗ್ಲಿಷರು ನಾಲಿಗೆಯನ್ನು ಹಲ್ಲಿಗೆ ಹಚ್ಚಿ ಉಸಿರು ಬಿಡುತ್ತಾರೆ, ಇಲ್ಲಿಯವರು ಅಚ್ಚ ಥಕಾರ ಹೇಳುತ್ತಾರೆ. ಐರ್ಲೆಂಡಿನ ಬಹಳ ಜನರೂ ಅಲ್ಲಿ ಹಲ್ಲಿನ ತಕಾರವನ್ನೇ ಬಳಸುತ್ತಾರೆ. ‘ಫಿಲ್ಮ್’ ಎಂಬ ಬಿಗಿಯಾದ ಶಬ್ದವನ್ನು ಸಡಿಲಿಸಿ ‘ಫಿಲಂ’ ಎನ್ನುವವರೂ ಅವರೇ.

‘ಇಸ್ಕೂಲು’ ಎಂದವನನ್ನು ಕಂಡು ನಗುವುದುಂಟು. ಶಬ್ದದ ಮೊದಲಿಗೇ ಸಕಾರದ ಒತ್ತಕ್ಷರ ಬಂದರೆ ಮುಂದೆ ಒಂದು ಸ್ವರ ಇಟ್ಟು ಏರುವುದು ಅನೇಕ ಭಾಷೆಗಳ ಉಪಾಯ. ಲ್ಯಾಟಿನಿನ ‘ಸ್ಕೋಲಾ’ ಸ್ಪೇನಿನಲ್ಲಿ ‘ಎಸ್ಕುಯೇಲಾ’ ಆಗಿ ಶಿಷ್ಟಭಾಷೆಯಲ್ಲೇ ಕುಳಿತಿದೆ. ಉತ್ತರ ಕರ್ನಾಟಕದ ಹಳ್ಳಿಗರು ಇನ್ನೊಂದು ಉಪಾಯ ಮಾಡಿದರು: ಸಕಾರವನ್ನೇ ಕೈಬಿಟ್ಟು ‘ಟೇಶನ್’ ಎಂದರು.

ಒಂದು ವಿಷಯದಲ್ಲಂತೂ ಈ ಭಾಗದ ಮಗುವಿಗೆ ಹುಟ್ಟಿನಿಂದಲೇ ಅನುಕೂಲವಿದೆ. ‘ಬ್ಯಾಂಕ್’, ‘ಬ್ಯಾಟ್’ಗಳ ಸ್ವರ ಕನ್ನಡ ವರ್ಣಮಾಲೆಯಲ್ಲಿ ಇಲ್ಲ. ಅದಕ್ಕಾಗಿ ಯಕಾರದ ಒತ್ತನ್ನು ಎರವಲು ತರಬೇಕಾಯಿತು. ಆದರೆ ‘ಬ್ಯಾಡ’, ‘ಮ್ಯಾಲ’, ‘ಬ್ಯಾರೆ’ ಎನ್ನುವ ಬಾಯಲ್ಲಿ ಆ ಸ್ವರ ಇಂಗ್ಲಿಷಿಗಿಂತ ಮೊದಲೇ ಇತ್ತು. ‘ಹ್ವಾದ’ ಎನ್ನುವಾಗ ಬರುವ ಸ್ವರವೂ ಮರಾಠಿಯ ಅರ್ಧಚಂದ್ರದ ಸ್ವರಕ್ಕೆ ದೂರದ್ದೇನಲ್ಲ. ‘ಹಳ್ಳಿ ಮಾತು’ ಎಂದು ಶಾಲೆ ಯಾವುದನ್ನು ತಿದ್ದುತ್ತದೆಯೋ, ಅದರಲ್ಲಿಯೇ ಇಂಗ್ಲಿಷಿನ ಎರಡು ಕಠಿಣ ಸ್ವರಗಳ ಕೀಲಿಕೈ ಇದೆ.

‘ಕಾರ್’ ಎಂಬಲ್ಲಿ ಕೊನೆಯ ರೇಫವನ್ನು ಹೇಳಬೇಕೋ ಬಿಡಬೇಕೋ? ಲಂಡನ್ನಿನವರು ‘ಕಾ’ ಎಂದು ಎಳೆದು ಬಿಡುತ್ತಾರೆ. ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಅಮೆರಿಕದ ಹೆಚ್ಚಿನ ಭಾಗದವರು ರೇಫ ಹೇಳುತ್ತಾರೆ. ಹೇಳುವುದೇ ಹಳೆಯ ಪದ್ಧತಿ. ಬಿಡುವುದು ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಹೊತ್ತಿಗೆ ಹಬ್ಬಿದ ರೂಢಿ. ಎಂಟನೆಯ ಅಕ್ಷರದ ಹೆಸರನ್ನು ನಿಘಂಟುಗಳು ‘ಏಚ್’ ಎಂಬಂತೆ ಕೊಡುತ್ತವೆ. ಕನ್ನಡದಲ್ಲಿ ಮುಖಂಡರ ಹೆಸರಿನ ಮೊದಲಕ್ಷರವನ್ನು ಒಬ್ಬರು ‘ಎಚ್’ ಎಂದೂ ಇನ್ನೊಬ್ಬರು ‘ಹೆಚ್’ ಎಂದೂ ಬರೆಯುತ್ತಾರೆ. ಹಕಾರ ಸೇರಿಸಿ ಹೇಳುವ ರೂಢಿ ಐರ್ಲೆಂಡಿನಲ್ಲಿಯೂ ವ್ಯಾಪಕವಾಗಿದೆ.

ಇಂಗ್ಲಿಷ್ ಶಬ್ದಗಳನ್ನು ಇಲ್ಲಿಯವರು ಬದಲಿಸಿದಂತೆ, ಇಲ್ಲಿಯ ಹೆಸರುಗಳನ್ನು ಇಂಗ್ಲಿಷರೂ ಬದಲಿಸಿದರು. ಮುಂಬೈ ಪ್ರಾಂತದ ದಫ್ತರಗಳಲ್ಲಿ ‘ಧಾರವಾಡ’ದ ಡಕಾರ ರೇಫವಾಗಿ ‘ಧಾರವಾರ್’ ಆಯಿತು. ‘ಗಾಂವ’ ಎಂಬಲ್ಲಿಯ ಮೂಗಿನ ಧ್ವನಿ ಬೆಳಗಾವಿಯ ಹೆಸರಿನಲ್ಲಿ ‘ಎಂ’ ಆಗಿ ‘ಬೆಲ್‌ಗಾಮ್’ ಎನಿಸಿತು, ಬೋರಗಾಂವದ ಹೆಸರಿನಲ್ಲಿ ‘ಎನ್’ ಆಯಿತು. ಒಂದೇ ಗಾಂವ, ಎರಡು ವೇಷ. ಬೆಳಗಾವಿಯ ಇಂಗ್ಲಿಷ್ ಹೆಸರು ಅಧಿಕೃತವಾಗಿ ಸರಿಹೋಗಲು 2014ರ ನವೆಂಬರ್ 1 ಬರಬೇಕಾಯಿತು. ಮೀರಜ-ಬೆಳಗಾವಿ ರೈಲು ಮಾರ್ಗದ ‘ಚಿಕ್ಕೋಡಿ ರೋಡ್’ ನಿಲ್ದಾಣದ ಇಂಗ್ಲಿಷ್ ಹೆಸರಿನಲ್ಲಿ ಒಂದೇ ‘ಕೆ’ ಇದೆ. ಅದನ್ನು ಓದಿದ ಹೊರಗಿನವರು ‘ಚಿಕೋಡಿ’ ಎನ್ನುತ್ತಾರೆ.

ಇದರ ತಿರುವುಮುರುವು ‘ರಬ್ಬರ್’ನಲ್ಲಿದೆ. ಇಂಗ್ಲಿಷಿನಲ್ಲಿ ಒಂದೇ ಶಬ್ದದೊಳಗೆ ಅಕ್ಷರ ಜೋಡಿಯಾಗಿದ್ದರೂ ಧ್ವನಿ ಒಂದೇ. ಹಿಂದಿನ ಸ್ವರ ಹ್ರಸ್ವ ಎಂದು ತೋರಿಸಲು ಅಲ್ಲಿ ಅಕ್ಷರವನ್ನು ಎರಡು ಮಾಡುತ್ತಾರೆ. ಊಟದ ‘ಡಿನರ್’ಗೆ ಎರಡು ‘ಎನ್’, ಊಟ ಮಾಡುವವನಾದ ‘ಡೈನರ್’ಗೆ ಒಂದೇ ‘ಎನ್’ ಇರುವುದು ಇದಕ್ಕಾಗಿಯೇ. ಕನ್ನಡದಲ್ಲಿ ಒತ್ತಕ್ಷರವೆಂದರೆ ಒತ್ತಿಯೇ ಹೇಳಬೇಕು. ‘ಕತೆ’ ಬೇರೆ, ‘ಕತ್ತೆ’ ಬೇರೆ. ಹೀಗಾಗಿ ಕನ್ನಡಿಗರ ರಬ್ಬರಿಗೆ ಒಂದು ಬಕಾರ ಹೆಚ್ಚು ಬಂತು, ಇಂಗ್ಲಿಷರ ಚಿಕ್ಕೋಡಿಗೆ ಒಂದು ಕಕಾರ ಕಡಿಮೆಯಾಯಿತು. ಲೆಕ್ಕ ಚುಕ್ತಾ.

ಹಾಗಾದರೆ ಏನು ಹೇಳಿದರೂ ಸರಿಯೇ? ಇಲ್ಲ. ಕೇಳುವವನಿಗೆ ಅರ್ಥ ಕೆಡುವಲ್ಲಿ ತಿದ್ದಲೇಬೇಕು. ಕನ್ನಡದ ಒಂದೇ ವಕಾರ ಇಂಗ್ಲಿಷಿನಲ್ಲಿ ಎರಡು ಧ್ವನಿ: ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ಬರೀ ದುಂಡಗಾಗಬೇಕು. ಇವು ಅದಲುಬದಲಾದರೆ ಬಳ್ಳಿ ಹೋಗಿ ಮದ್ಯ ಬರುತ್ತದೆ. ಬೆಲೆ ಎಂಬರ್ಥದ ‘ಪ್ರೈಸ್’ಗೆ ಸಕಾರ ಸಾಕು, ಬಹುಮಾನ ಎಂಬರ್ಥದ ಶಬ್ದದ ಕೊನೆಗೆ ದುಂಬಿಯಂತೆ ಗುಂಯ್‌ಗುಡುವ ಧ್ವನಿ ಬೇಕು. ಕನ್ನಡದಲ್ಲಿ ಅದನ್ನು ಜಕಾರದ ಕೆಳಗೆ ಚುಕ್ಕೆ ಇಟ್ಟು ತೋರಿಸುವುದುಂಟು. ಮರಾಠಿಯ ಎರಡು ಬಗೆಯ ಜಕಾರಗಳಲ್ಲಿ ಒಂದು ಇದಕ್ಕೆ ಸಮೀಪ. ಆದ್ದರಿಂದ ಗಡಿಭಾಗದ ಮಕ್ಕಳಿಗೆ ಇದನ್ನು ಕಲಿಸುವುದು ಕಷ್ಟವಲ್ಲ.

ಇವೆಲ್ಲಕ್ಕಿಂತ ದೊಡ್ಡದು ಶಬ್ದದ ಒತ್ತು. ಕನ್ನಡದಲ್ಲಿ ಮಾತ್ರೆಗೆ ಬೆಲೆ, ಇಂಗ್ಲಿಷಿನಲ್ಲಿ ಒತ್ತಿಗೆ ಬೆಲೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲಿಗಿದ್ದರೆ, ಫೋಟೊ ತೆಗೆಯುವವನ ಹೆಸರಿನಲ್ಲಿ ಅದು ಎರಡನೆಯದಕ್ಕೆ ಜಾರಿ ‘ಫಟಾಗ್ರಫರ್’ ಎಂಬಂತೆ ಕೇಳುತ್ತದೆ. ಮೊದಲ ಸ್ವರಕ್ಕೆ ಒತ್ತು ಕೊಟ್ಟರೆ ‘ಪ್ರೆಸೆಂಟ್’ ಎಂಬುದು ಉಡುಗೊರೆ, ಎರಡನೆಯದಕ್ಕೆ ಕೊಟ್ಟರೆ ಅರ್ಪಿಸು ಎಂಬ ಕ್ರಿಯಾಪದ. 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ನಿರ್ದೇಶಕರಾಗಿದ್ದರು. ಅದೇ ಸಂಸ್ಥೆಯಿಂದ 1969ರಲ್ಲಿ ಪ್ರಕಟವಾದ ಆರ್.ಕೆ. ಬನ್ಸಲ್ ಅವರ ಅಧ್ಯಯನ ಭಾರತೀಯರ ಇಂಗ್ಲಿಷ್ ಪರದೇಶದವರಿಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ಪರೀಕ್ಷಿಸಿತು. ತಪ್ಪಿದ ಒತ್ತು ಮಾತು ತಿಳಿಯದಿರಲು ಒಂದು ಮುಖ್ಯ ಕಾರಣವೆಂದು ಅದು ತೋರಿಸಿತು. ಆದರೆ ವರ್ಗದಲ್ಲಿ ನಗೆಗೆ ಗುರಿಯಾಗುವುದು ‘ಇಸ್ಕೂಲು’, ‘ಫಿಲಂ’. ತಿದ್ದದೆ ಉಳಿಯುವುದು ಒತ್ತು.

ಆದ್ದರಿಂದ ಶಿಕ್ಷಕರು ಮಾಡಬಹುದಾದದ್ದು ಇಷ್ಟು. ಟಕಾರ, ಥಕಾರ, ರೇಫಗಳ ಚಿಂತೆ ಬಿಡಿ. ‘ಡಾಕ್ಟರ್’ ಎಂದರೂ ನಡೆಯುತ್ತದೆ, ಅರ್ಧಚಂದ್ರವಿಟ್ಟು ಹೇಳಿದರೂ ನಡೆಯುತ್ತದೆ. ಎರಡು ವಕಾರ, ಎರಡು ಸಕಾರಗಳನ್ನು ನಿಧಾನವಾಗಿ ರೂಢಿ ಮಾಡಿಸಿ. ಹೊಸ ಶಬ್ದ ಕಲಿಸುವಾಗ ಒತ್ತು ಬೀಳುವಲ್ಲಿ ಮೇಜು ಬಡಿದು ತೋರಿಸಿ, ಮಕ್ಕಳಿಂದಲೂ ಚಪ್ಪಾಳೆ ಹೊಡೆಸಿ.

ಈ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಓದಿದ ಪರಸ್ಥಳದವರು ‘ಬೋರ್‌ಗಾನ್’ ಎನ್ನಬಹುದು. ಆಗ ಊರಿನವರು ಅವರನ್ನು ನಗೆಯಾಡುವುದಿಲ್ಲ. ‘ಬೋರಗಾಂವ ಅನ್ರಿ’ ಎಂದು ಒಮ್ಮೆ ಹೇಳಿಕೊಟ್ಟು, ಚಹಾ ಕೊಟ್ಟು ಕೂಡಿಸುತ್ತಾರೆ. ಅವರು ಕಣ್ಣಿನಿಂದ ಓದಿದ್ದನ್ನು ಕಿವಿಯಿಂದ ತಿದ್ದಿಕೊಂಡು ಹೋಗುತ್ತಾರೆ. ಇಂಗ್ಲಿಷಿನ ಮುಂದೆ ನಿಂತ ಮಗುವೂ ಅಂಥದೇ ಪರಸ್ಥಳದ ಅತಿಥಿ. ಹೊರಗಿನವರಿಗೆ ತೋರಿಸುವ ಈ ಸೌಜನ್ಯ ಮನೆಯ ಮಗುವಿಗೂ ಸಿಗಲಿ.