ನೋಡುಗರ ಹೊತ್ತು ಯಾರ ಲೆಕ್ಕಕ್ಕೆ?



ಮನರಂಜನಾ ಜಾಲತಾಣಗಳ ವಿನ್ಯಾಸವನ್ನೂ ಬಳಕೆಯ ಸುಲಭತೆಯನ್ನೂ ಅಳೆಯುವುದು ಹೇಗೆ ಎಂಬುದು ಈ ವಿಚಾರ ಸಂಕಿರಣದ ವಿಷಯ. ಬ್ಯಾಂಕಿನ ತಾಣವಾದರೆ ಅಳತೆ ಕಷ್ಟವಿಲ್ಲ. ಹಣ ಕಳಿಸಲು ಬಂದವರು ಬೇಗ, ತಪ್ಪಿಲ್ಲದೆ ಕಳಿಸಿ ಹೊರಟರೆ ತಾಣ ಗೆದ್ದಂತೆ. ಸಿನಿಮಾ ನೋಡಲು ಬಂದವರು ಹೆಚ್ಚು ಹೊತ್ತು ಉಳಿದಷ್ಟೂ ಕಂಪನಿಗೆ ಸಂತೋಷ. ಆದರೆ ಆ ಹೊತ್ತಿನಲ್ಲಿ ನೋಡಿದ್ದೆಷ್ಟು, ಏನು ನೋಡುವುದೆಂದು ಹುಡುಕಿದ್ದೆಷ್ಟು? ಇವೆರಡನ್ನೂ ಬೇರ್ಪಡಿಸದ ಮೌಲ್ಯಮಾಪನ, ದಾರಿ ತಪ್ಪಿದವನ ಅಲೆದಾಟವನ್ನೂ ಜಾತ್ರೆಯ ಸಂಭ್ರಮವೆಂದು ಬರೆದುಕೊಂಡಂತೆ. ತಾಣದಲ್ಲಿ ಕಳೆದ ಹೊತ್ತು ಒಳ್ಳೆಯ ವಿನ್ಯಾಸಕ್ಕೆ ಸಾಕ್ಷಿಯಾಗದು ಎಂಬುದೇ ನನ್ನ ಮಾತಿನ ತಿರುಳು.

ಸಲಕರಣೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೆಲಸ ಆಯಿತೇ, ಎಷ್ಟು ಶ್ರಮದಲ್ಲಿ ಆಯಿತು, ಬಳಸಿದವರಿಗೆ ತೃಪ್ತಿಯಾಯಿತೇ ಎಂದು ಐಎಸ್‌ಒ 9241-11 ಮಾನದಂಡ ಕೇಳುತ್ತದೆ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿ ಬಳಕೆದಾರರ ಅನಿಸಿಕೆಗೆ 0ಯಿಂದ 100ರೊಳಗೆ ಅಂಕ ಕೊಡುತ್ತದೆ. ಯಾಕೋಬ್ ನೀಲ್ಸನ್ 1994ರಲ್ಲಿ ಒಪ್ಪ ಮಾಡಿದ, ವಿನ್ಯಾಸ ಪರಿಶೀಲನೆಯ ಹತ್ತು ಸೂತ್ರಗಳನ್ನು ತಜ್ಞರು ಇಂದಿಗೂ ಬಳಸುತ್ತಾರೆ. ಬಳಕೆದಾರರ ಕೈಯಲ್ಲಿ ಹತೋಟಿಯೂ ಸ್ವಾತಂತ್ರ್ಯವೂ ಇರಬೇಕು ಎನ್ನುವುದು ಅವುಗಳಲ್ಲಿ ಮೂರನೆಯದು. ಮನರಂಜನೆಯ ತಾಣಗಳು ಹೆಚ್ಚಾಗಿ ಎಡವುವುದು ಇಲ್ಲೇ.

ನೆಟ್‌ಫ್ಲಿಕ್ಸ್‌ನ ಉದಾಹರಣೆಯನ್ನೇ ನೋಡೋಣ. ಅಲ್ಲಿ ಒಂದು ಶೀರ್ಷಿಕೆಯ ಮೇಲೆ ತುಸು ಹೊತ್ತು ನಿಂತರೆ ಅದರ ತುಣುಕು ಸದ್ದು ಮಾಡುತ್ತ ತಾನಾಗಿ ಓಡುತ್ತಿತ್ತು. ಬಹಳ ಜನ ಗೊಣಗಿದ ಮೇಲೆ, 2020ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸಿಕೊಳ್ಳುವ ಆಯ್ಕೆ ಬಂತು. ಅದೇ ಸಂಸ್ಥೆ 2017ರಲ್ಲಿ ಧಾರಾವಾಹಿಗಳ ಆರಂಭದ ಶೀರ್ಷಿಕೆ ಭಾಗವನ್ನು ದಾಟಲು ಒಂದು ಗುಂಡಿ ಕೊಟ್ಟಿತು. ಜನ ಅದನ್ನು ದಿನಕ್ಕೆ 13.6 ಕೋಟಿ ಸಲ ಒತ್ತುತ್ತಾರೆಂದು 2022ರಲ್ಲಿ ಅದೇ ಹೇಳಿಕೊಂಡಿತು. ಎರಡೂ ಒಂದೇ ಮನೆಯ ವಿನ್ಯಾಸ. ಒಂದು ನೋಡುಗರ ಕೈಯಿಂದ ಹತೋಟಿ ಕಿತ್ತುಕೊಂಡಿತು, ಇನ್ನೊಂದು ಮರಳಿಸಿತು.

2015ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲೇ ‘ಡೇರ್‌ಡೆವಿಲ್’ ಧಾರಾವಾಹಿ ಬಿಡುಗಡೆಯಾಯಿತು. ಅದರ ನಾಯಕ ಕಣ್ಣು ಕಾಣದ ವಕೀಲ. ಆದರೆ ತೆರೆಯ ಮೇಲಿನ ದೃಶ್ಯವನ್ನು ಮಾತಿನಲ್ಲಿ ವಿವರಿಸುವ ಧ್ವನಿಪಥವೇ ಅದಕ್ಕಿರಲಿಲ್ಲ. ಅಂಧ ಪ್ರೇಕ್ಷಕರು ಆಕ್ಷೇಪಿಸಿದ ಕೆಲವೇ ದಿನಗಳಲ್ಲಿ ಧ್ವನಿಪಥ ಸೇರಿತು. ಐದು ಮಂದಿಯಿಂದ ಪರೀಕ್ಷೆ ಮಾಡಿಸಿದರೆ ಬಹುಪಾಲು ತೊಡಕುಗಳು ಸಿಗುತ್ತವೆಂಬ ನೀಲ್ಸನ್ನರ ಮಾತನ್ನು ನಾವೆಲ್ಲ ಆಗಾಗ ಹೇಳುತ್ತೇವೆ. ಆ ಐವರೂ ಒಂದೇ ತರಗತಿಯ, ಕಣ್ಣು ಕಿವಿ ಚುರುಕಾಗಿರುವ ಹುಡುಗರಾದರೆ ಇಂಥ ಕೊರತೆ ಸಿಗುವುದು ಹೇಗೆ? ಬಳಕೆದಾರರ ಬಗೆ ಬೇರೆಯಾದಂತೆ ಪರೀಕ್ಷೆಯೂ ಬೇರೆಯಾಗಬೇಕೆಂದು ನೀಲ್ಸನ್ನರೇ ಹೇಳಿದ್ದಾರೆ. ಆ ಭಾಗವನ್ನು ನಾವು ಮರೆಯುತ್ತೇವೆ.

ಕನ್ನಡದ ನೋಡುಗರೂ ಅಂಥ ಒಂದು ಬಗೆಯೇ. ‘ಗಂಧದ ಗುಡಿ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವಾಗ ಒಬ್ಬರು ‘ಎಚ್’ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಮತ್ತೊಬ್ಬರು ಕನ್ನಡದಲ್ಲೇ ಟೈಪಿಸುತ್ತಾರೆ. ಮೂವರಿಗೂ ಅದೇ ಚಿತ್ರ ಸಿಗಬೇಕು. ಇಂಗ್ಲಿಷ್ ಸಾಲಿನ ಎತ್ತರಕ್ಕೆ ಹೊಂದಿಸಿದ ಪುಟದಲ್ಲಿ ನಮ್ಮ ಒತ್ತಕ್ಷರಗಳ ತಳ ಕತ್ತರಿಸಿಹೋಗುವುದುಂಟು. ಇಂಥವನ್ನು ಕನ್ನಡ ಓದುವವರ ಮುಂದೆ ಪುಟ ತೆರೆದಿಟ್ಟೇ ಪರೀಕ್ಷಿಸಬೇಕು.

ಇನ್ನು ಹೊರಹೋಗುವ ಬಾಗಿಲು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಚಂದಾ ರದ್ದು ಮಾಡುವ ದಾರಿಯನ್ನು ಬೇಕೆಂದೇ ಗೋಜಲು ಮಾಡುವುದೂ ಅದರಲ್ಲಿದೆ. ಹಾಗಾಗಿ ಇದು ಈಗ ಬರೀ ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಗ್ರಾಹಕರ ಹಕ್ಕಿನ ಪ್ರಶ್ನೆಯಾಗಿದೆ.

ಮುಂದಿನ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ನೀವು ಪರಿಶೀಲಿಸಿದ ತಾಣದಲ್ಲಿ ಪುಟ ತೆರೆದವರು ಬೇಕಾದ ಚಿತ್ರ ಹಚ್ಚಲು ಎಷ್ಟು ಹೊತ್ತು ಹಿಡಿಯಿತು, ಏನನ್ನೂ ನೋಡದೆ ಕೈಬಿಟ್ಟವರು ಎಷ್ಟು, ಚಂದಾದಾರರಾಗಲು ಎಷ್ಟು ಹೆಜ್ಜೆ, ಬಿಡಲು ಎಷ್ಟು ಹೆಜ್ಜೆ ಎಂಬುದನ್ನು ನಮ್ಮೆದುರು ಇಡಿ. ಅಂಕ ಎಷ್ಟು ಬಂತೆಂದು ಹೇಳುವ ಮುನ್ನ ಆ ಅಂಕ ಕೊಟ್ಟವರು ಯಾರೆಂದೂ ಹೇಳಿ. ಚರ್ಚೆ ಅಲ್ಲಿಂದ ಶುರುವಾಗಲಿ.