ವಾರಕ್ಕೊಂದು ಬೆಳಗ್ಗೆ
(ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಹಾಯನಿಧಿಯ ಸಮಾರಂಭದಲ್ಲಿ ಓಟದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ನಮ್ಮ ನಿಧಿಗೆ ಬರುವ ಕರೆಗಳಲ್ಲಿ ಒಂದು ಬಗೆಯ ಕರೆ ನಮಗೆಲ್ಲ ಚೆನ್ನಾಗಿ ಗೊತ್ತು. ನಲವತ್ತು ದಾಟಿದ ಗಂಡಸು. ಸಂಸಾರ ಊರಿನಲ್ಲಿ, ತಾನು ಇಲ್ಲಿ ಹಂಚಿಕೊಂಡ ಕೋಣೆಯಲ್ಲಿ. ರಾತ್ರಿ ಹನ್ನೊಂದಕ್ಕೆ ಊಟ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದರೂ ಊರಿಗೆ ಹೋದಾಗ ತೋರಿಸಿದರಾಯಿತು ಎಂಬ ಉದಾಸೀನ. ಎದೆ ನೋವು ಬಂದರೆ ಗ್ಯಾಸ್ ಎಂದು ಸುಮ್ಮನಾಗುವುದು. ಕೊನೆಗೆ ಕರೆ ಮಾಡುವವನು ಅವನಲ್ಲ, ಅವನ ಕೋಣೆಯ ಗೆಳೆಯ. ಆಗ ನಾವು ಹಣ ಕೂಡಿಸುತ್ತೇವೆ, ಕಾಗದಪತ್ರ ಮಾಡಿಸುತ್ತೇವೆ. ಆ ಕೆಲಸ ಬೇಕೇ ಬೇಕು. ಆದರೆ ಅದಕ್ಕಿಂತ ಮುಂಚೆ ಮಾಡಬಹುದಾದ ಕೆಲಸವೊಂದಿದೆ. ಇಂದಿನ ನಮ್ಮ ಮಾತು ಅದರ ಬಗ್ಗೆ.

2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ 13 ಮಂದಿ ಸೇರಿ 5 ಕಿಲೋಮೀಟರ್ ಓಡಿದರು. ಅವರನ್ನು ಸೇರಿಸಿದವರು ಪಾಲ್ ಸಿಂಟನ್-ಹೆವಿಟ್. ಗಾಯವಾಗಿ ಓಡಲಾಗದ ಸ್ಥಿತಿಯಲ್ಲಿದ್ದ ಅವರಿಗೆ ಗೆಳೆಯರನ್ನು ವಾರಕ್ಕೊಮ್ಮೆ ನೋಡಿ, ಒಟ್ಟಿಗೆ ಕಾಫಿ ಕುಡಿದರೆ ಸಾಕಿತ್ತು. ಶುಲ್ಕವಿಲ್ಲ, ಬಹುಮಾನವಿಲ್ಲ, ಪ್ರತಿ ಶನಿವಾರ ಅದೇ ಜಾಗ, ಅದೇ ಹೊತ್ತು. ಎರಡನೆಯ ಜಾಗ ವಿಂಬಲ್ಡನ್ ಕಾಮನ್‌ನಲ್ಲಿ ಶುರುವಾಗಲು 2007 ಆಗಬೇಕಾಯಿತು. ಆಮೇಲೆ ಅದು ಪಾರ್ಕ್‌ರನ್ ಎಂಬ ಹೆಸರಿನಲ್ಲಿ 20ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. 2018ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರ ರಾಯಲ್ ಕಾಲೇಜು ಅದರೊಂದಿಗೆ ಕೈಜೋಡಿಸಿ, ರೋಗಿಗಳಿಗೆ ಈ ಓಟವನ್ನು ಸೂಚಿಸುವಂತೆ ವೈದ್ಯರಿಗೆ ಪ್ರೋತ್ಸಾಹ ಕೊಟ್ಟಿತು.

ಇದು ಬೆಳೆದದ್ದು ವೇಗದಿಂದಲ್ಲ ಎಂಬುದನ್ನು ನಾವು ಗಮನಿಸಬೇಕು. ಅಲ್ಲಿ ಒಬ್ಬ ಸ್ವಯಂಸೇವಕರ ಕೆಲಸವೇ ಎಲ್ಲರಿಗಿಂತ ಹಿಂದೆ ನಡೆಯುವುದು. ಆದ್ದರಿಂದ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ಹೊಟ್ಟೆ ಬಂದಿದೆ, ಮಂಡಿ ನೋಯುತ್ತದೆ, ಜನ ನಗುತ್ತಾರೆ ಎಂದು ಮನೆಯಲ್ಲೇ ಉಳಿಯುವವರ ಸಂಕೋಚವನ್ನು ಅಳಿಸಿದ್ದು ಈ ಸಣ್ಣ ಏರ್ಪಾಡು.

ನಮ್ಮ ಬೆಂಗಳೂರಿನಲ್ಲಿ 2008ರಲ್ಲಿ ವರ್ಲ್ಡ್ 10ಕೆ ಓಟ ಶುರುವಾಯಿತು. ವರ್ಷಕ್ಕೊಂದು ದಿನ ಊರೇ ಹಬ್ಬದಂತಾಗುತ್ತದೆ. ಆದರೆ ಆ ಒಂದು ದಿನಕ್ಕೆ ಮೈಯನ್ನು ಸಿದ್ಧ ಮಾಡುವುದು ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ವಾರ ವಾರ ಸೇರುವ ಗುಂಪುಗಳು. ಕತಾರಿನಲ್ಲೂ ಹಾಗೆಯೇ. 2012ರಿಂದ ಫೆಬ್ರವರಿಯ ಎರಡನೆಯ ಮಂಗಳವಾರ ರಾಷ್ಟ್ರೀಯ ಕ್ರೀಡಾ ದಿನ, ಇಡೀ ದೇಶಕ್ಕೆ ರಜೆ. ಅಂದು ನಾವೆಲ್ಲ ಟೀ ಶರ್ಟ್ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಬುಧವಾರ ಬೂಟು ಮತ್ತೆ ಕಪಾಟು ಸೇರುತ್ತದೆ. ವರ್ಷದ ಓಟ ನಿಧಿಗೆ ಹಣ ತರಬಹುದು, ವಾರದ ಓಟ ಮನುಷ್ಯನನ್ನು ಉಳಿಸಬಹುದು.

ಲೆಕ್ಕವೂ ಕಷ್ಟದ್ದಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 5 ಕಿಲೋಮೀಟರ್ ಬಿರುಸಾಗಿ ನಡೆದರೆ ಸುಮಾರು ಒಂದು ಗಂಟೆ. ಇನ್ನು ಮೂರು ದಿನ ಅರ್ಧ ಗಂಟೆ ನಡೆದರೆ ಲೆಕ್ಕ ತುಂಬಿತು. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು ಎಂದರು ಹಿರಿಯರು. ಕೂತೇ ದುಡಿಯುವ ನಮಗೆ ಆ ಮಾತು ಇನ್ನೂ ಹೆಚ್ಚು ಹೊಂದುತ್ತದೆ!

ಜಾಗಕ್ಕಂತೂ ನಮಗೆ ಕೊರತೆಯಿಲ್ಲ. ಸೂಕ್ ವಾಕಿಫ್ ಎಂದರೆ 'ನಿಂತ ಸಂತೆ'. ಸಮುದ್ರದ ನೀರು ಅಂಗಡಿಗಳವರೆಗೂ ಬರುತ್ತಿದ್ದ ಕಾಲದಲ್ಲಿ ವ್ಯಾಪಾರಿಗಳು ನಿಂತೇ ವ್ಯಾಪಾರ ಮಾಡುತ್ತಿದ್ದರಂತೆ. ಆ ನಿಂತ ಸಂತೆಯಿಂದ ನಾವು ಓಡಲು ಹೊರಡುತ್ತೇವೆ. 2019ರಲ್ಲಿ ಅಲ್ಲಿ ನಿಲ್ಲಿಸಿದ ಚಿನ್ನದ ಬಣ್ಣದ ದೊಡ್ಡ ಹೆಬ್ಬೆರಳಿನ ಶಿಲ್ಪದ ಹತ್ತಿರ ಸೇರಿದರೆ ಹೊಸಬರಿಗೂ ಗುರುತು ಸಿಗುತ್ತದೆ. ರಸ್ತೆ ದಾಟಿದರೆ ಕಾರ್ನಿಶ್. ಸುಮಾರು 7 ಕಿಲೋಮೀಟರ್ ಉದ್ದದ ಸಮತಟ್ಟಾದ ದಾರಿ, ಒಂದು ಪಕ್ಕ ಕಡಲು. ಎರಡೂವರೆ ಕಿಲೋಮೀಟರ್ ಹೋಗಿ ತಿರುಗಿದರೆ ಐದಾಯಿತು. ಮುಗಿದ ಮೇಲೆ ಸೂಕ್‌ನಲ್ಲಿ ಕರಕ್ ಚಹಾ, ಊರಿನ ಹರಟೆ. ಕೆಲವರು ಬರುವುದು ಓಟಕ್ಕಲ್ಲ, ಆ ಹರಟೆಗೆ. ಅವರಿಗೂ ಸ್ವಾಗತ!

ಆದರೆ ಇಲ್ಲಿನ ಬಿಸಿಲಿನ ಜೊತೆ ಹುಡುಗಾಟ ಬೇಡ. 2019ರ ಸೆಪ್ಟೆಂಬರ್ 27ರ ನಡುರಾತ್ರಿ ಇದೇ ಕಾರ್ನಿಶ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್‌ನ ಮಹಿಳೆಯರ ಮ್ಯಾರಥಾನ್ ನಡೆಯಿತು. ಹೊರಟವರು 68 ಮಂದಿ, ಅರ್ಧದಲ್ಲೇ ನಿಲ್ಲಿಸಿದವರು 28 ಮಂದಿ. ಸೂರ್ಯನಿಲ್ಲದ ಹೊತ್ತಿನಲ್ಲೂ ಸೆಕೆ ವಿಶ್ವಮಟ್ಟದ ಓಟಗಾರ್ತಿಯರನ್ನು ಮಣಿಸಿತು. ಆದ್ದರಿಂದ ಬೇಸಿಗೆಯಲ್ಲಿ ನಡಿಗೆ ಸಾಕು, ಅದೂ ಬೆಳಗಿನ ಐದಕ್ಕೆ. ನೀರಿನ ಬಾಟಲಿ ಕೈಯಲ್ಲಿರಲಿ. ತಲೆ ಸುತ್ತಿದರೆ ನಿಲ್ಲುವುದು ಅವಮಾನವಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಓಟ ತಪಾಸಣೆಗೆ ಬದಲಿಯಲ್ಲ.

ಇನ್ನು ಮುಖ್ಯ ಮಾತು. ನಮ್ಮ ಗುಂಪು ಬೆಳೆದಂತೆ ಅದರಲ್ಲಿ ಕಾಣುವವರು ಯಾರು? ಕಾರು ಇರುವವರು, ಕುಟುಂಬ ಇಲ್ಲಿರುವವರು. ಮೊದಲು ಹೇಳಿದ ಆ ಹಂಚಿಕೊಂಡ ಕೋಣೆಯ ಅಣ್ಣ ಕಾಣುವುದಿಲ್ಲ. ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಹುಡುಗರಿಗೆ ವಾರಕ್ಕೆ ಸಿಗುವುದು ಒಂದೇ ಶುಕ್ರವಾರ. ಬಟ್ಟೆ ಒಗೆಯಬೇಕು, ಊರಿಗೆ ಫೋನ್ ಮಾಡಬೇಕು, ನಿದ್ದೆ ಮಾಡಬೇಕು. ಬಿಸಿಲಿನಲ್ಲಿ ದುಡಿದು ದಣಿದವರಿಗೆ ಓಡಿ ಎಂದು ಉಪದೇಶ ಮಾಡುವುದು ನ್ಯಾಯವೂ ಅಲ್ಲ. ಅವರಿಗೆ ಬೇಕಾದುದು ಬೆವರಲ್ಲ, ಜೊತೆ. ಹೆಸರು ಹಿಡಿದು ಕರೆಯುವವರು, ಎರಡು ವಾರ ಕಾಣದಿದ್ದರೆ ಏನಾಯಿತು ಎಂದು ವಿಚಾರಿಸುವವರು, ಎದೆ ನೋವು ಎಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿಸುವವರು. ವಾರದ ಭೇಟಿ ಅಂಥ ಪರಿಚಯವನ್ನು ಬೆಳೆಸುತ್ತದೆ. ವರ್ಷದ ಭೇಟಿಗೆ ಅದು ಸಾಧ್ಯವಿಲ್ಲ.

ಆದ್ದರಿಂದ ಈ ಸಂಜೆ ನಾವು ಹಣದ ಜೊತೆಗೆ ಇನ್ನು ಮೂರು ದಾನಗಳನ್ನು ಕೇಳುತ್ತಿದ್ದೇವೆ. ಒಂದು, ಶುಕ್ರವಾರ ಬೆಳಗ್ಗೆ ನಿಮ್ಮ ಕಾರಿನಲ್ಲಿ ಖಾಲಿ ಇರುವ ಸೀಟು. ಎರಡು, ತಿಂಗಳಿಗೆ ಒಂದು ಬೆಳಗ್ಗೆ ಓಡದೆ, ರಸ್ತೆ ದಾಟುವಲ್ಲಿ ಮಕ್ಕಳನ್ನು ಕಾಯಲು, ನೀರು ಕೊಡಲು ಅಥವಾ ಎಲ್ಲರ ಹಿಂದೆ ನಡೆಯಲು ನಿಮ್ಮ ಒಂದು ಗಂಟೆ. ಮೂರು, ಗಂಡಂದಿರಲ್ಲಿ ವಿಶೇಷ ವಿನಂತಿ, ಒಂದು ವಾರ ನೀವು ಮಗುವನ್ನು ನೋಡಿಕೊಳ್ಳಿ, ಮನೆಯಾಕೆ ಓಡಲಿ. ಮುಂದಿನ ವಾರ ನಿಮ್ಮ ಸರದಿ.

ಎಷ್ಟು ಜನ ಬಂದರು, ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕ ನಮಗೆ ಬೇಡ. ಬರಬೇಕಾಗಿದ್ದು ಬಾರದವರು ಯಾರು ಎಂಬ ಪಟ್ಟಿ ಇಟ್ಟುಕೊಳ್ಳೋಣ. ಆ ಪಟ್ಟಿಯಲ್ಲಿ ಒಂದೊಂದೇ ಹೆಸರು ಕಡಿಮೆಯಾದರೆ, ನಿಧಿಗೆ ಬರುವ ಆ ದುಃಖದ ಕರೆಗಳಲ್ಲೂ ಒಂದೆರಡು ಕಡಿಮೆಯಾಗಬಹುದು ಎಂಬ ಆಸೆ ನಮ್ಮದು.